ಕಕ್ಕಡ ಹತ್ತೊಂಬತ್ತು

ಒಪ್ಪಿಗೆ ಪತ್ರದಲ್ಲಿ ಒಂಬತ್ತನೆಯ ಪ್ರಶ್ನೆ:
ಕಳೆದ ಏಳು ದಿನಗಳಲ್ಲಿ ಯಾವುದಾದರೂ ಮದ್ದು ಸೇವಿಸಿದ್ದೀರಾ?
ಮಡಿಕೇರಿಯಲ್ಲಿ, ಇವತ್ತು,
ಇದನ್ನು ನಗದೆ ಕೇಳುವುದು ಕಷ್ಟ.

ನಿನ್ನೆ ಹದಿನೆಂಟು.
ಊರಿಗೆ ಊರೇ ಮದ್ದು ಸೊಪ್ಪು ಬೇಯಿಸಿತ್ತು.
ಪಾಯಸ ನೇರಳೆ, ಪುಟ್ಟು ನೇರಳೆ,
ಕಾಲೇಜು ಕ್ಯಾಂಟೀನಿನ ಸೌಟು ಇನ್ನೂ ನೇರಳೆ.
ಬೆಳಿಗ್ಗೆ ಬಚ್ಚಲಲ್ಲಿ ಕೆಂಪು ಕಂಡು ಬೆಚ್ಚಿದ
ಹೊಸ ಹೌಸ್ ಸರ್ಜನ್ ಒಬ್ಬ
ತನ್ನ ಹೆಸರಿಗೆ ತಾನೇ ಚೀಟಿ ಬರೆದುಕೊಂಡು
ಲ್ಯಾಬಿನ ಬಾಗಿಲಿಗೆ ಬಂದಿದ್ದ.
ನೀರು ಕುಡಿ, ಹೋಗು, ಅಂದೆ.

ನನಗೆ ಬೇಕಾದದ್ದು ತಿನ್ನದವರ ರಕ್ತ,
ಇಪ್ಪತ್ತು ಎಂ.ಎಲ್. ಸಾಕು.
ಸಿಸ್ಟರ್ ದೇಚಮ್ಮ: ಎರಡು ಬಟ್ಟಲು, ಜೇನು ಸುರಿದು.
ಔಷಧದ ಕೌಂಟರಿನ ಹಂಸ:
ಪಕ್ಕದ ಮನೆಯವರು ಕೊಟ್ಟರೆ ಬೇಡ ಅನ್ನಲಾಗುತ್ತದೆಯೇ?
ಸೊಪ್ಪು ಕೊಯ್ದು ತಂದ ಎರವರ ಚುಬ್ರಿ
ನನ್ನನ್ನೇ ಮೇಲೆ ಕೆಳಗೆ ನೋಡಿದಳು:
ತಿನ್ನದೆ ತರುವವರು ಯಾರವ್ವ?
ನಾನೂ ತಿಂದವಳೇ.
ನನ್ನ ತೋಳು ಲೆಕ್ಕಕ್ಕಿಲ್ಲ.

ಕೊನೆಗೆ ಸಿಕ್ಕಿದವನು ಸಿಂದಗಿಯ ಶರಣಬಸು,
ಜನರೇಟರ್ ಕೋಣೆಯಲ್ಲಿ, ಕಿವಿಗೆ ಮಫ್ಲರ್ ಸುತ್ತಿ.
"ಆ ವಾಸ್ನಿ ನನಗ ಆಗಂಗಿಲ್ರಿ ಮೇಡಂ."
ಇಡೀ ಜಿಲ್ಲೆಯಲ್ಲಿ ನನಗೆ ಉಳಿದ ಒಬ್ಬ ಮನುಷ್ಯ.
ಅಪ್ಪಿಕೊಳ್ಳುವುದೊಂದು ಬಾಕಿ.

ಅವನ ರಕ್ತವನ್ನು ಫೈಕಾಲ್ ಮೇಲೆ ಸುರಿಯಬಾರದು,
ಕೂರಿಸಬೇಕು,
ಕೊಳವೆಯ ಗೋಡೆಗುಂಟ, ಉಸಿರು ಬಿಗಿಹಿಡಿದು.
ಅರ್ಧ ಗಂಟೆ ತಿರುಗಲಿ. ಬ್ರೇಕ್ ಹಾಕಬಾರದು,
ತಾನಾಗಿ ನಿಲ್ಲಬೇಕು.
ತಳದಲ್ಲಿ ಕೆಂಪು, ಮೇಲೆ ಹಳದಿ ತಿಳಿ,
ನಡುವೆ ಆರಿದ ಗಂಜಿಯ ಕೆನೆಯಷ್ಟೇ
ಬೆಳ್ಳನೆಯ ಉಂಗುರ.
ಪುಸ್ತಕದಲ್ಲಿ ಇವರಿಗೆ ಸೈನಿಕರು ಅಂತ ಹೆಸರು.
ಮಸೂರದಡಿ ನೋಡಿದರೆ
ಗೋಣಿಕೊಪ್ಪದ ಕೊನೆಯ ಬಸ್ಸು ತಪ್ಪಿಸಿಕೊಂಡವರ ಹಾಗೆ
ಗುಂಪುಗುಂಪಾಗಿ ಸುಮ್ಮನೆ ನಿಂತಿದ್ದಾರೆ.

ತೊಂಬತ್ತಾರು ಗುಳಿಯ ತಟ್ಟೆ,
ಪಡ್ಡಿನ ಕಾವಲಿಯ ಮೊಮ್ಮಗಳು.
ಗುಳಿಗೊಂದು ಲಕ್ಷ ಶರಣಬಸು.
ಮೊದಲ ಸಾಲಿಗೆ ಕಕ್ಕಡ ಒಂದರ ಸೊಪ್ಪಿನ ಸಾರ,
ಎರಡನೆಯದಕ್ಕೆ ನಿನ್ನೆಯದು,
ಹದಿನೆಂಟೂ ಮದ್ದು ಇಳಿದು ಬಂದಿದೆ ಅನ್ನುವುದು.
ಮೂರನೆಯದಕ್ಕೆ ಬರೀ ನೀರು.
ಕೊನೆಯ ಸಾಲಿನಲ್ಲಿ ಸಾರ ಉಂಟು, ಜೀವಕೋಶ ಇಲ್ಲ.
ಎಲ್ಲವೂ ಒಳಗೆ, ಮೂವತ್ತೇಳು ಡಿಗ್ರಿಗೆ,
ಹೊರಗೆ ನಮಗೆಲ್ಲ ಹಲ್ಲು ಕಟಕಟ.

ಎರಡು ದಿನ ಬಿಟ್ಟು ಹಳದಿ ಉಪ್ಪಿನ ಹನಿ.
ನಿಯಮ ಸರಳ:
ಬದುಕಿದ್ದವರು ಅದನ್ನು ನೇರಳೆ ಮಾಡುತ್ತಾರೆ,
ಸತ್ತವರಿಗೆ ಹಳದಿ ಹಳದಿಯೇ.

ಆದರೆ ಸೊಪ್ಪೇ ನೇರಳೆಯಲ್ಲವೇ.

ಯಂತ್ರ ಬಾಯಿ ತೆರೆದು ತಟ್ಟೆ ನುಂಗಿತು,
ಅಂಕಿ ಉಗುಳಿತು.
ನಿನ್ನೆಯ ಸಾರದಲ್ಲಿ ಬದುಕು ಶೇಕಡಾ ನೂರಾ ಐವತ್ತು!
ಕುಣಿಯಲು ಒಂದು ಕಾಲು ಎತ್ತಿದ್ದೆ.
ಕೊನೆಯ ಸಾಲು ಓದಿದೆ.
ಯಾರೂ ಇಲ್ಲದ ಗುಳಿಯಲ್ಲಿ
ಶೇಕಡಾ ಅರವತ್ತು ಜನ ಸುಖವಾಗಿದ್ದರು.

ಕಳೆಯಬೇಕು. ಕಳೆದೆ.
ಉಳಿದದ್ದು ನೀರಿನ ಸಾಲಿಗಿಂತ ಕೂದಲೆಳೆ ಕಡಿಮೆ,
ಅದೂ ನನ್ನ ಪಿಪೆಟ್ಟಿನ ನಡುಕವಿರಬಹುದು.
ಬಣ್ಣ ತೊಳೆಯೋಣವೆಂದರೆ
ತೊಳೆದ ನೀರಿನ ಜೊತೆ ಶರಣಬಸುವೂ ಹೋಗುತ್ತಾನೆ.

ಹದಿನೆಂಟೂ ಸಿಕ್ಕಿತಾ, ದೇಚಮ್ಮನ ಪ್ರಶ್ನೆ.
ಸದ್ಯಕ್ಕೆ ಶಾಯಿ ಸಿಕ್ಕಿದೆ, ಅಂದೆ.
ಅವಳಿಗೆ ಬೇಸರವೇನೂ ಆಗಲಿಲ್ಲ.
ನಿನ್ನ ಮಿಷನ್ನಿಗೆ ಎರಡು ಬಟ್ಟಲು ಕುಡಿಸು,
ಆಮೇಲೆ ಕೇಳು,
ಅಂತ ಡ್ಯೂಟಿಗೆ ಹೋದಳು.

ಸಂಜೆ ಅವನೇ ಬಂದ, ಕೈಯಲ್ಲಿ ಡೀಸೆಲ್ ವಾಸನೆ.
ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.
"ಇದರಾಗ ನಾ ಯಾವುದ್ರಿ?"
ಬಣ್ಣ ನೋಡಿ ಹೇಳಲಾಗಲಿಲ್ಲ.
ಮುಚ್ಚಳದ ಮೇಲೆ ಬರೆದ ಅಕ್ಷರ ಹುಡುಕಿ ತೋರಿಸಿದೆ.

ಬಹಳ ಹೊತ್ತು ನೋಡಿದ.
ಸಾಲದು, ಇನ್ನೂ ಇಬ್ಬರು ಬೇಕು, ಅಂದೆ.
"ಬರೋ ವರ್ಸಾನೂ ನಾ ತಿನ್ನಂಗಿಲ್ರಿ,
ಬರ್ಕೊಳ್ರಿ."
ಕರೆಂಟು ಹೋಯಿತು.
ಮೆಟ್ಟಿಲು ಎರಡೆರಡು ಹಾರಿ ಇಳಿದ.